ಬಯಲುಸೀಮೆಯ ಕುದುರೆಗೆ ಯಾವ ಬ್ರಷ್ಷು

ಕುದುರೆ ಸಾಕಲು ಹೊರಟವರು ಜೀನಿನ ಬಗ್ಗೆ, ಲಗಾಮಿನ ಬಗ್ಗೆ, ಲಾಳ ಹೊಡೆಯುವವರ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ಬ್ರಷ್ಷಿನ ವಿಷಯಕ್ಕೆ ಬಂದಾಗ ಮಾತ್ರ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಡಬ್ಬಿಯೊಂದನ್ನು ಎತ್ತಿಕೊಂಡು ಬಂದು, ಅದರಲ್ಲಿರುವ ಏಳೆಂಟು ಸಾಮಾನುಗಳಲ್ಲಿ ಯಾವುದು ಎಲ್ಲಿಗೆ ಎಂದು ತಿಳಿಯದೆ, ಹಿಡಿತಕ್ಕೆ ಚೆನ್ನಾಗಿ ಸಿಕ್ಕಿದ್ದನ್ನು ಮೈಮೇಲೆಲ್ಲ ಎಳೆಯುತ್ತಾರೆ. ಹಾಗೆ ಮೊದಲು ಕೈಗೆ ಬರುವುದು ಸಾಮಾನ್ಯವಾಗಿ ಬಿರುಸು ಎಳೆಗಳ ದೊಡ್ಡ ಬ್ರಷ್ಷು. ನಮ್ಮ ಕಡೆಯ ಕುದುರೆಗೆ ಅತಿ ಕಡಿಮೆ ಬೇಕಾಗುವುದೂ ಅದೇ. ತುಮಕೂರಿನಿಂದ ಕುಣಿಗಲ್‌ಗೆ ಹೋಗುವ ದಾರಿಯಲ್ಲಿ, ಹೆಬ್ಬೂರಿನ ಆಚೆಯ ತೆಂಗಿನ ತೋಟವೊಂದರ ಅಂಚಿನಲ್ಲಿ, ರೇಸಿನಿಂದ ನಿವೃತ್ತವಾದ ಒಂದು ಕಂದು ಹೆಣ್ಣು ಕುದುರೆಯನ್ನೂ ಒಂದು ಬಿಳಿಯ ತಟ್ಟುವನ್ನೂ ಇಟ್ಟುಕೊಂಡಿರುವ ನನಗೆ ಈ ವಿಷಯದಲ್ಲಿ ಖಚಿತವಾದ ಅಭಿಪ್ರಾಯವೊಂದಿದೆ: ಕುದುರೆಯ ರೋಮವನ್ನೂ ಅದು ಹೊರಳುವ ಮಣ್ಣನ್ನೂ ನೋಡಿ ಬ್ರಷ್ಷು ಕೊಳ್ಳಬೇಕು, ಡಬ್ಬಿಯ ಮೇಲೆ ಅಚ್ಚಾದ ಪಟ್ಟಿಯನ್ನು ನೋಡಿ ಕೊಳ್ಳಬಾರದು.

ಆ ಪಟ್ಟಿ ಹುಟ್ಟಿದ್ದು ಚಳಿ ದೇಶದ ಲಾಯಗಳಲ್ಲಿ. ಕುದುರೆಯ ರೋಮ ಬೆಳೆಯುವುದನ್ನೂ ಉದುರುವುದನ್ನೂ ನಿಯಂತ್ರಿಸುವುದು ಮುಖ್ಯವಾಗಿ ಹಗಲಿನ ಉದ್ದ. ಹಗಲು ಕುಗ್ಗಿ ಇರುಳು ಹಿಗ್ಗಿದಂತೆ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚು ಹೊತ್ತು ಸ್ರವಿಸುತ್ತದೆ, ಚಳಿಗಾಲದ ದಟ್ಟ ರೋಮ ಮೂಡುತ್ತದೆ. ಹಗಲು ಹಿಗ್ಗತೊಡಗಿದಾಗ ಪ್ರೊಲ್ಯಾಕ್ಟಿನ್ ಏರಿ ಆ ರೋಮವೆಲ್ಲ ಗಂಟುಗಂಟಾಗಿ ಉದುರುತ್ತದೆ. ಲಂಡನ್ನಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು 9 ಗಂಟೆಗಳ ಅಂತರವಿದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ತುಮಕೂರಿನಲ್ಲಿ ಆ ಅಂತರ ಒಂದೂವರೆ ಗಂಟೆಯ ಆಸುಪಾಸಿನದು. ಆದ್ದರಿಂದ ಇಲ್ಲಿನ ಕುದುರೆಯ ಮೈಮೇಲೆ ವರ್ಷವಿಡೀ ಗಿಡ್ಡ, ತೆಳು ರೋಮವೇ ಇರುತ್ತದೆ. ಶಿವರಾತ್ರಿಯ ಹೊತ್ತಿಗೆ ತುಸು ಉದುರುವುದನ್ನು ಬಿಟ್ಟರೆ, ಒದ್ದೆ ಕೆಸರು ಮೆತ್ತಿಕೊಂಡು ಒಣಗಿ ಗಟ್ಟಿಯಾಗುವಷ್ಟು ಉದ್ದದ ರೋಮವನ್ನು ನಾವು ಕಾಣುವುದೇ ಇಲ್ಲ. ಆ ಕೆಸರನ್ನು ಕೆರೆದು ತೆಗೆಯುವುದಕ್ಕಾಗಿಯೇ ರೂಪುಗೊಂಡ ಬಿರುಸು ಬ್ರಷ್ಷು ನಮ್ಮ ಕುದುರೆಯ ಮೇಲೆ ಬಿದ್ದಾಗ, ನಡುವೆ ತಡೆಯುವ ರೋಮವಿಲ್ಲದೆ, ಎಳೆಗಳ ತುದಿ ನೇರವಾಗಿ ಚರ್ಮಕ್ಕೆ ತಾಗುತ್ತದೆ.

ನಮ್ಮ ಸಮಸ್ಯೆ ಕೆಂಪು ದೂಳಿನದು, ಬೆವರಿನದು. ಈ ಸೀಮೆಯ ಕೆಂಪು ಮಣ್ಣಿನಲ್ಲಿ ಹಿಟ್ಟಿನಂಥ ಜೇಡಿಯ ಕಣವೂ ಇದೆ, ಚೂಪು ಅಂಚಿನ ಮರಳೂ ಇದೆ. ಮರಳು ರೋಮದ ಮೇಲ್ಮೈಯಲ್ಲಿ ಉಳಿದು ಬೇಗ ಉದುರಿಹೋಗುತ್ತದೆ, ಜೇಡಿ ಮಾತ್ರ ಬೆವರಿನ ಜೊತೆ ಕಲಸಿ ಬುಡಕ್ಕೆ ಇಳಿಯುತ್ತದೆ. ಕುದುರೆಯ ಬೆವರಿನಲ್ಲಿ ಲ್ಯಾಥೆರಿನ್ ಎಂಬ ಪ್ರೊಟೀನು ಇರುವುದರಿಂದ ಅದು ಸೋಪಿನಂತೆ ನೊರೆಗಟ್ಟುತ್ತದೆ. ಜಿಡ್ಡಿರುವ ರೋಮವನ್ನು ಬೆವರು ಒದ್ದೆ ಮಾಡಿ ಹರಡಿಕೊಂಡು ಬೇಗ ಆವಿಯಾಗಲಿ ಎಂಬುದಕ್ಕೆ ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು. ಸವಾರಿ ಮುಗಿದ ಮೇಲೆ ಕತ್ತಿನ ಪಕ್ಕದಲ್ಲೂ ತೊಡೆಸಂದಿನಲ್ಲೂ ಕಾಣುವ ಬಿಳಿ ನೊರೆ ಇದೇ. ಇದು ಒಣಗಿದಾಗ ಉಪ್ಪು, ಜಿಡ್ಡು, ಜೇಡಿ ಮೂರೂ ಸೇರಿದ ತೆಳು ಪೊರೆಯಾಗಿ ರೋಮದ ಬುಡದಲ್ಲಿ ಕೂರುತ್ತದೆ. ಅದರ ಮೇಲೆಯೇ ಮರುದಿನ ಜೀನು ಬಿಗಿದರೆ ಜೀನನ್ನು ಹೊಟ್ಟೆಯ ಸುತ್ತ ಬಿಗಿಯುವ ತಂಗಿನ ಪಟ್ಟಿಯ ಕೆಳಗೆ ಚರ್ಮ ಉಜ್ಜಿಹೋಗಿ ಗಾಯವಾಗಲು ಹೆಚ್ಚು ದಿನ ಬೇಡ.

ಈ ಜಿಲ್ಲೆಗೂ ಕುದುರೆಗೂ ಸಂಬಂಧ ಹಳೆಯದು. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಬೆಳೆಸುತ್ತಿದ್ದ ಕುಣಿಗಲ್ ಫಾರಮ್ಮಿನಲ್ಲಿ ಮುಂದೆ ರೇಸಿನ ಥರೋಬ್ರೆಡ್ ಕುದುರೆಗಳನ್ನು ಬೆಳೆಸಲಾಯಿತು. ಓಟ ಮುಗಿಸಿದ ಇಂಥ ಥರೋಬ್ರೆಡ್‌ಗಳು ಬೆಂಗಳೂರಿನ ಸುತ್ತಮುತ್ತಲ ತೋಟಗಳಿಗೆ ಬಂದು ಸೇರುವುದೂ ಉಂಟು. ಥರೋಬ್ರೆಡ್ಡಿನ ಚರ್ಮ ತೆಳು, ರೋಮ ರೇಶಿಮೆಯಷ್ಟು ನಯ. ನೊಣ ಕೂತರೆ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಅದನ್ನು ಎಬ್ಬಿಸಬಲ್ಲ ಪ್ರಾಣಿಗೆ ಬಿರುಸು ಎಳೆಯ ಬ್ರಷ್ಷು ಹೇಗೆ ತಾಗೀತು ಎಂಬುದನ್ನು ಊಹಿಸಿಕೊಂಡರೆ, ಬ್ರಷ್ಷು ಕಂಡೊಡನೆ ಕಿವಿ ಹಿಂದಕ್ಕೆ ಮಡಿಸುವ, ಬಾಲ ಬೀಸುವ, ಗಾಳಿಯನ್ನು ಕಚ್ಚುವ ಕುದುರೆಯನ್ನು ‘ಪೊಗರು’ ಎಂದು ಬೈಯುವ ಮುನ್ನ ಕೈಯಲ್ಲಿರುವುದೇನೆಂದು ಒಮ್ಮೆ ನೋಡಿಕೊಳ್ಳುವ ಬುದ್ಧಿ ಬರುತ್ತದೆ. ತಟ್ಟುವಿನ ಚರ್ಮ ಇದಕ್ಕಿಂತ ಒರಟು. ಅದು ಹೆಚ್ಚು ಸಹಿಸುತ್ತದೆ, ಆದರೆ ಸಹಿಸುವುದೂ ಇಷ್ಟಪಡುವುದೂ ಬೇರೆ ಬೇರೆ.

ನನ್ನ ಲೆಕ್ಕದಲ್ಲಿ ಮೊದಲು ಕೊಳ್ಳಬೇಕಾದದ್ದು ರಬ್ಬರ್ ಬಿಲ್ಲೆ. ಅಂಗಡಿಯವರು ಇದನ್ನು ಕರ್ರಿಕೋಂಬ್ ಎನ್ನುತ್ತಾರೆ. ಅಂಗೈಯಗಲದ ಅಂಡಾಕಾರದ ರಬ್ಬರಿಗೆ ಒಳಗೆ ಸಾಲುಸಾಲಾಗಿ ಮೊಂಡು ಹಲ್ಲು, ಮೇಲೆ ಕೈ ತೂರಿಸುವ ಪಟ್ಟಿ. ಕೊಳ್ಳುವಾಗ ನೋಡಬೇಕಾದದ್ದು ರಬ್ಬರಿನ ಮೆದುತನವನ್ನು. ಬಿಲ್ಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ಮಡಚಿದರೆ ಅದು ಸುಲಭವಾಗಿ ಬಾಗಬೇಕು. ಗಟ್ಟಿ ಪ್ಲಾಸ್ಟಿಕ್ಕಿನದು ಅಗ್ಗವಾಗಿ ಸಿಗುತ್ತದೆ, ಬಹುಕಾಲ ಬಾಳುತ್ತದೆ, ಕುದುರೆಯ ಪಕ್ಕೆಲುಬಿನ ತಿರುವಿಗೆ ಮಾತ್ರ ಹೊಂದಿಕೊಳ್ಳುವುದಿಲ್ಲ. ಬಳಸುವ ಕ್ರಮ ಸರಳ: ಎಡಗಡೆ, ಕತ್ತಿನ ಮೇಲ್ಭಾಗದಿಂದ ಆರಂಭಿಸಿ, ಅಂಗೈಯಗಲದ ವೃತ್ತಗಳನ್ನು ಒಂದರ ಪಕ್ಕ ಒಂದರಂತೆ ಸುತ್ತುತ್ತ ಭುಜ, ಬೆನ್ನು, ಪಕ್ಕೆ, ಸೊಂಟ, ತೊಡೆಯವರೆಗೆ ಬರುವುದು; ನಂತರ ಬಲಗಡೆ ಅದೇ ರೀತಿ. ಮಾಂಸಲವಾದ ಭಾಗದಲ್ಲಿ ಕೈಯ ಭಾರವನ್ನು ಸ್ವಲ್ಪ ಹಾಕಬಹುದು. ಬೆನ್ನುಮೂಳೆಯ ಮೇಲೆ, ಸೊಂಟದ ಮೂಳೆಯ ತುದಿಯಲ್ಲಿ, ಮುಂಗಾಲಿನ ಮಂಡಿಯಿಂದ ಕೆಳಗೆ, ಹಿಂಗಾಲಿನ ಗಂಟಿನಿಂದ ಕೆಳಗೆ, ಮುಖದ ಮೇಲೆ ಬಿಲ್ಲೆಯನ್ನು ಒಯ್ಯಬಾರದು. ಅಲ್ಲೆಲ್ಲ ಚರ್ಮದ ಅಡಿಯಲ್ಲೇ ಮೂಳೆಯೋ ಸ್ನಾಯುರಜ್ಜುವೋ ಇರುತ್ತದೆ. ಈ ವೃತ್ತಾಕಾರದ ಉಜ್ಜುವಿಕೆ ಬುಡದ ಜೇಡಿಯನ್ನೂ ಸತ್ತ ರೋಮವನ್ನೂ ಸಡಿಲಗೊಳಿಸಿ ಮೇಲಕ್ಕೆ ತರುತ್ತದೆ. ಉಜ್ಜಿದ ಮೇಲೆ ಕುದುರೆ ಮೊದಲಿಗಿಂತ ಕೊಳಕಾಗಿ, ಮೈಮೇಲೆ ಹಿಟ್ಟು ಚೆಲ್ಲಿದಂತೆ ಕಂಡರೆ ಕೆಲಸ ಸರಿಯಾಗಿದೆ ಎಂದೇ ಅರ್ಥ.

ಇಲ್ಲಿ ಖರಾರದ ಬಗ್ಗೆ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಕಬ್ಬಿಣದ ಅಥವಾ ಹಿತ್ತಾಳೆಯ ತಗಡಿಗೆ ಗರಗಸದಂಥ ಹಲ್ಲಿನ ಸಾಲುಗಳನ್ನು ಕೂರಿಸಿ ಮರದ ಹಿಡಿ ಹಾಕಿದ ಈ ಉಪಕರಣವನ್ನು ನಮ್ಮ ಜಟಕಾ ಕುದುರೆಗಳ ಮೈಮೇಲೆ ನೇರವಾಗಿ ಎಳೆಯುವುದನ್ನು ಹಳೆಯ ಬಸ್ ನಿಲ್ದಾಣಗಳ ಬಳಿ ಓಡಾಡಿದವರೆಲ್ಲ ಕಂಡಿರುತ್ತಾರೆ. ಖರಾರದ ನಿಜವಾದ ಕೆಲಸ ಬ್ರಷ್ಷನ್ನು ಶುಚಿಗೊಳಿಸುವುದು. ಒಂದು ಕೈಯಲ್ಲಿ ಖರಾರ, ಇನ್ನೊಂದು ಕೈಯಲ್ಲಿ ಮೆದು ಬ್ರಷ್ಷು. ಬ್ರಷ್ಷನ್ನು ಕುದುರೆಯ ಮೈಮೇಲೆ ನಾಲ್ಕೈದು ಬಾರಿ ಎಳೆದ ಮೇಲೆ ಖರಾರದ ಹಲ್ಲಿಗೆ ಒಮ್ಮೆ ಉಜ್ಜಿ, ಅದರಲ್ಲಿ ಸೇರಿದ ದೂಳನ್ನು ಆಗಾಗ ನೆಲಕ್ಕೆ ಕುಟ್ಟಿ ಉದುರಿಸುವುದು ಅದರ ಕ್ರಮ. ಜರ್ಮನಿಯ ಅಶ್ವದಳದ ಲಾಯಗಳಲ್ಲಿ ಹೀಗೆ ಕುಟ್ಟಿದಾಗ ನೆಲದ ಮೇಲೆ ಮೂಡುವ ದೂಳಿನ ಗೆರೆಗಳನ್ನು ನೋಡಿಯೇ ಸವಾರನ ಕೆಲಸವನ್ನು ಅಳೆಯುವ ಪದ್ಧತಿ ಇತ್ತು. ನಮ್ಮಲ್ಲಿ ಕೆಲಸಕ್ಕೆ ಬರುವ ಹಿರಿಯರು ಹಿಂದೆ ತುಮಕೂರಿನಲ್ಲಿ ಜಟಕಾ ಹೊಡೆಯುತ್ತಿದ್ದವರು. ಕುದುರೆಯ ಮೈ ಉಜ್ಜಿ ಶುಚಿಗೊಳಿಸುವುದನ್ನು ಅವರು ಮಾಲೀಸು ಎನ್ನುತ್ತಾರೆ. ‘ಖರಾರ ಹಾಕದಿದ್ದರೆ ಮಾಲೀಸು ಅಂತಾರಾ?’ ಎಂಬುದು ಅವರ ವಾದ. ಅವರ ಕೈ ಎಷ್ಟು ಹಗುರವೆಂದರೆ ತಟ್ಟು ಅವರ ಖರಾರಕ್ಕೆ ಮೈ ಒಡ್ಡಿಕೊಂಡು ನಿಲ್ಲುತ್ತದೆ, ಇದನ್ನು ಒಪ್ಪಲೇಬೇಕು. ಆದರೆ ಆ ಕೈ ಎಲ್ಲರಿಗೂ ಬರುವುದಿಲ್ಲ, ಅದನ್ನು ಪುಸ್ತಕ ಓದಿ ಕಲಿಯಲಾಗುವುದಿಲ್ಲ. ಹೊಸಬರು ಖರಾರವನ್ನು ಬ್ರಷ್ಷು ಶುಚಿಗೊಳಿಸಲಷ್ಟೇ ಇಟ್ಟುಕೊಳ್ಳುವುದು ಕ್ಷೇಮ. ಅದೇ ಹಿರಿಯರಿಂದ ಕಲಿಯಬೇಕಾದ ಇನ್ನೊಂದು ವಿದ್ಯೆ ಬರಿಗೈಯ ಮಾಲೀಸು. ಅಂಗೈಯಿಂದ ಮೊಣಕೈವರೆಗಿನ ತೋಳನ್ನೇ ಕುದುರೆಯ ಕತ್ತು, ಪಕ್ಕೆಗಳ ಮೇಲೆ ಒತ್ತಿ ಜಾರಿಸುವ ಈ ಕ್ರಮ ಹಿಂದುಸ್ತಾನದ ಸಯಿಸರದೇ, ಅಂದರೆ ಕುದುರೆ ನೋಡಿಕೊಳ್ಳುವ ಆಳುಗಳದೇ, ವಿಶೇಷ. ಅದರಿಂದ ಬರುವ ಹೊಳಪನ್ನು ಯಾವ ಬ್ರಷ್ಷೂ ಕೊಡಲಾರದು.

ಇನ್ನು ಬಿರುಸು ಬ್ರಷ್ಷು, ಅಂದರೆ ಡ್ಯಾಂಡಿ ಬ್ರಷ್ಷು. ಇದನ್ನು ಪೂರ್ತಿ ಬೇಡವೆನ್ನಲಾರೆ. ಬಿಳಿ ತಟ್ಟು ರಾತ್ರಿ ಲದ್ದಿಯ ಮೇಲೆ ಮಲಗಿ ಬೆಳಿಗ್ಗೆ ಹಳದಿ ಹಸಿರಾಗಿ ಎದ್ದಾಗ, ಒಣಗಿದ ಆ ಕಲೆಯನ್ನು ಬಿಡಿಸಲು ಬೇರೆ ಯಾವುದರಿಂದಲೂ ಆಗುವುದಿಲ್ಲ. ಎಳೆ ಯಾವುದರಿಂದ ಮಾಡಿದ್ದೆಂಬುದೇ ಇದರಲ್ಲಿ ಮುಖ್ಯ. ತಾಳೆಯ ನಾರು ದಕ್ಷಿಣ ಭಾರತದಿಂದ ಬ್ರಷ್ಷು ತಯಾರಿಕೆಗೆಂದೇ ಬಹುಕಾಲದಿಂದ ಹೊರದೇಶಗಳಿಗೆ ಹೋಗುತ್ತಿರುವ ಸರಕು. ಅದು ಬಿರುಸಾದರೂ ತುದಿಯಲ್ಲಿ ಬಾಗುತ್ತದೆ. ಬಗನಿ ಮರದ ನಾರೂ ಹಾಗೆಯೇ. ತಿಪಟೂರು ಸೀಮೆಯಲ್ಲಿ ಬೇಕಾದಷ್ಟು ಸಿಗುವ ತೆಂಗಿನ ನಾರಿನ ಬ್ರಷ್ಷು ಎಮ್ಮೆ, ಹಸುವಿನ ಮೈ ತಿಕ್ಕಲು ಸರಿ, ಕುದುರೆಗೆ ಅದು ಒರಟು. ಅದರ ಎಳೆ ಬೇಗ ಮುರಿದು ತುಂಡುಗಳು ರೋಮದೊಳಗೆ ಉಳಿಯುತ್ತವೆ. ನೈಲಾನ್ ಎಳೆ ಬಾಳಿಕೆಯಲ್ಲಿ ಎಲ್ಲಕ್ಕಿಂತ ಮುಂದು, ತೊಳೆಯಲೂ ಸುಲಭ. ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ನಮ್ಮ ಒಣ ಹವೆಯಲ್ಲಿ ನೈಲಾನನ್ನು ರೋಮದ ಮೇಲೆ ಎಳೆದರೆ ಸ್ಥಿರವಿದ್ಯುತ್ತು ಹುಟ್ಟಿ ರೋಮ ನಿಗುರುತ್ತದೆ, ಹಾರಿಹೋಗಬೇಕಾದ ದೂಳು ಮತ್ತೆ ಮೈಗೇ ಅಂಟುತ್ತದೆ, ಕೆಲವೊಮ್ಮೆ ಸಣ್ಣಗೆ ಚಿಟ್ಟೆಂದು ತಾಗಿ ಕುದುರೆ ಬೆಚ್ಚುತ್ತದೆ. ಬಳಸುವಾಗ ರೋಮದ ದಿಕ್ಕಿನಲ್ಲೇ ಗಿಡ್ಡ ಗಿಡ್ಡ ಬೀಸುಗಳನ್ನು ಹಾಕಿ, ಪ್ರತಿ ಬೀಸಿನ ಕೊನೆಯಲ್ಲಿ ಮಣಿಕಟ್ಟನ್ನು ತಿರುಗಿಸಿ ದೂಳನ್ನು ಗಾಳಿಗೆ ಚಿಮ್ಮಿಸಬೇಕು. ಒತ್ತಿ ಎಳೆಯಬಾರದು. ಹೊಟ್ಟೆಯ ಅಡಿ, ತೊಡೆಸಂದು, ಕಿವಿಯ ಸುತ್ತ ಇದನ್ನು ತೋರಿಸಲೇಬಾರದು.

ಅಂಗಡಿಯಲ್ಲಿ ಯಾವ ಬ್ರಷ್ಷನ್ನೇ ಆಗಲಿ ಪರೀಕ್ಷಿಸಲು ನಾನು ಮಾಡುವುದು ಇಷ್ಟೆ: ಅಂಗಿಯ ತೋಳನ್ನು ಮಡಚಿ, ಮಣಿಕಟ್ಟಿನ ಒಳಮೈಯ ತೆಳು ಚರ್ಮದ ಮೇಲೆ ಅದನ್ನು ಕುದುರೆಗೆ ಎಳೆಯುವಷ್ಟೇ ಬಲದಿಂದ ಎರಡು ಬಾರಿ ಎಳೆದು ನೋಡುವುದು. ಬಿಳಿಯ ಗೀರು ಮೂಡಿ ಆಮೇಲೆ ಕೆಂಪಗಾದರೆ ಅದನ್ನು ಅಲ್ಲೇ ಇಟ್ಟುಬಿಡಬಹುದು. ಮಾರುವವನು ಈ ಪರೀಕ್ಷೆಯನ್ನು ನೋಡಿ ನಕ್ಕರೆ ನಗಲಿ. ಬಳಿಕ ಎಳೆಗಳ ಒಂದು ಗುಚ್ಛವನ್ನು ಹಿಡಿದು ಮೆಲ್ಲಗೆ ಜಗ್ಗಬೇಕು. ಎರಡು ಮೂರು ಎಳೆ ಕೈಗೆ ಬಂದರೆ ತಿಂಗಳೊಳಗೆ ಬ್ರಷ್ಷು ಬೋಳಾಗುತ್ತದೆ. ಕೈಪಟ್ಟಿ ಚರ್ಮದ್ದಾಗಿರಲಿ, ನೂಲಿನದಾಗಿರಲಿ, ಹೊಲಿಗೆ ಮರದ ಹಲಗೆಗೆ ಸೇರುವ ಜಾಗ ಗಟ್ಟಿಯಾಗಿರಬೇಕು. ಬ್ರಷ್ಷಿನ ಅಗಲ ಬಳಸುವವರ ಕೈಗೆ ಹೊಂದಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಗಂಡಸಿನ ಅಂಗೈಗೆ ಮಾಡಿದ ಬ್ರಷ್ಷನ್ನು ಹತ್ತು ವರ್ಷದ ಮಗುವಿನ ಕೈಗೆ ಕೊಟ್ಟರೆ ಅದು ಜಾರಿ ಬಿದ್ದು, ಸದ್ದಿಗೆ ಕುದುರೆ ಕಾಲು ಎತ್ತಿಟ್ಟು, ಮಗುವಿಗೂ ಕುದುರೆಗೂ ಮಾಲೀಸೆಂದರೆ ಬೇಸರದ ಕೆಲಸವಾಗಿಬಿಡುತ್ತದೆ.

ಹಣ ಖರ್ಚು ಮಾಡಬೇಕಾದದ್ದು ಮೆದು ಬ್ರಷ್ಷಿಗೆ. ಬಾಡಿ ಬ್ರಷ್ಷು ಎನ್ನುವ ಇದರ ಎಳೆಗಳು ಒಂದು ಅಂಗುಲದ ಆಸುಪಾಸಿನಷ್ಟು ಗಿಡ್ಡ, ಒಂದಕ್ಕೊಂದು ಒತ್ತಿಕೊಂಡು ದಟ್ಟ. ದೂಳನ್ನು ಚಿಮ್ಮಿಸುವುದು ಬಿರುಸು ಬ್ರಷ್ಷಿನ ಕೆಲಸವಾದರೆ, ರೋಮದ ಬುಡಕ್ಕೆ ಇಳಿದು ಜಿಡ್ಡು ಸಹಿತ ದೂಳನ್ನು ಹೀರಿ ಮೇಲೆ ತರುವುದು ಇದರ ಕೆಲಸ. ಮೇಕೆಯ ಕೂದಲಿನದು ಅತಿ ಮೆದು, ಕೊನೆಯ ಹೊಳಪಿಗೆ ಮಾತ್ರ ಸಾಕು. ಕುದುರೆಯ ಬಾಲದ ಕೂದಲಿನದು ತುಸು ಗಡಸು, ದಿನನಿತ್ಯಕ್ಕೆ ಒಳ್ಳೆಯದು. ಹಂದಿಯ ಕೂದಲಿನದು ಇನ್ನೂ ಗಡಸು, ಜಿಡ್ಡು ತೆಗೆಯುವುದರಲ್ಲಿ ಎಲ್ಲಕ್ಕಿಂತ ಸಮರ್ಥ. ಆದರೆ ನಮ್ಮ ಲಾಯಗಳಲ್ಲಿ ದುಡಿಯುವ ಸಯಿಸರಲ್ಲಿ ಮುಸಲ್ಮಾನರು ಬಹಳ ಮಂದಿ ಇದ್ದಾರೆ. ಹಂದಿಯ ಕೂದಲಿನ ಬ್ರಷ್ಷನ್ನು ಅವರ ಕೈಗೆ ಕೊಡುವುದು ಸರಿಯಲ್ಲ. ಬ್ರಷ್ಷಿನ ಮೇಲೆ ಬರೀ ‘ನೈಸರ್ಗಿಕ ಎಳೆ’ ಎಂದಷ್ಟೇ ಬರೆದಿದ್ದರೆ ಯಾವ ಪ್ರಾಣಿಯದೆಂದು ಕೇಳಿಯೇ ಕೊಳ್ಳಬೇಕು, ಗೊತ್ತಿಲ್ಲವೆಂದರೆ ಬಿಟ್ಟುಬಿಡಬೇಕು. ಅಸಲಿಯೋ ನಕಲಿಯೋ ಎಂಬ ಅನುಮಾನ ಬಂದರೆ ಒಂದು ಎಳೆಯನ್ನು ಕಿತ್ತು ಬೆಂಕಿಗೆ ಹಿಡಿಯಬಹುದು: ಕೂದಲಾದರೆ ಸುಟ್ಟ ಕೂದಲಿನ ವಾಸನೆ ಬಂದು ಬೂದಿಯಾಗುತ್ತದೆ, ನೈಲಾನಾದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಹಲಗೆ ಮರದ್ದಾದರೆ ನೀರಿಗೆ ಹೆದರಬೇಕು. ಚರ್ಮದ ಬೆನ್ನಿರುವುದು ದುಬಾರಿಯಾದರೂ ಅಂಗೈಯ ಜೊತೆ ಬಾಗುತ್ತದೆ, ಭುಜದ ಕುಳಿಯಲ್ಲೂ ಮೊಣಕಾಲ ಹಿಂಭಾಗದಲ್ಲೂ ಅದರ ಬೆಲೆ ತಿಳಿಯುತ್ತದೆ. ಕಾನ್ಪುರ ಕುದುರೆಯ ಜೀನು, ಲಗಾಮುಗಳಿಗೆ ಹೆಸರಾದ ಊರು. ಅಲ್ಲಿಂದ ಬರುವ ಸಾಮಾನಿನೊಡನೆ ಇಂಥ ಬ್ರಷ್ಷುಗಳೂ ಸಿಗುತ್ತವೆ, ವಿದೇಶದ್ದೇ ಆಗಬೇಕೆಂದಿಲ್ಲ.

ಮೆದು ಬ್ರಷ್ಷನ್ನು ಮೆದುವಾಗಿ ಸವರಿದರೆ ಪ್ರಯೋಜನವಿಲ್ಲ ಎಂಬುದು ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ. ಕುದುರೆಯಿಂದ ಒಂದು ತೋಳಿನಷ್ಟು ದೂರದಲ್ಲಿ, ಕಾಲುಗಳನ್ನು ಅಗಲಿಸಿ ನಿಂತು, ಮೊಣಕೈಯನ್ನು ತುಸು ಬಾಗಿಸಿ, ಮೈಯ ಭಾರವನ್ನು ತೋಳಿನ ಮೂಲಕ ಬ್ರಷ್ಷಿಗೆ ಇಳಿಸಿ, ರೋಮದ ದಿಕ್ಕಿನಲ್ಲಿ ಉದ್ದವಾಗಿ ಎಳೆಯಬೇಕು. ಎಡ ಪಕ್ಕದಲ್ಲಿ ನಿಂತಾಗ ಬ್ರಷ್ಷು ಎಡಗೈಯಲ್ಲಿ, ಬಲ ಪಕ್ಕದಲ್ಲಿ ಬಲಗೈಯಲ್ಲಿ ಇದ್ದರೆ ಬಾಲದ ಕಡೆಗೆ ಎಳೆಯುವ ಬೀಸು ಸಲೀಸಾಗುತ್ತದೆ. ಸರಿಯಾಗಿ ಎಳೆದಾಗ ಬ್ರಷ್ಷಿನ ಹಿಂದೆ ಒಂದು ಹೊಳಪಿನ ಪಟ್ಟೆ ತೆರೆದುಕೊಂಡು ಹೋಗುತ್ತದೆ, ಪಕ್ಕದ ರೋಮ ಇನ್ನೂ ಮಂಕಾಗಿ ಉಳಿದಿರುತ್ತದೆ. ಆ ಎರಡರ ನಡುವಿನ ಗಡಿ ಅಳಿಯುವವರೆಗೆ ಮುಂದಿನ ಬೀಸು. ಪಕ್ಕೆ ಮುಗಿದು ತೊಡೆ ಆರಂಭವಾಗುವಲ್ಲಿ ರೋಮ ಸುಳಿಗಟ್ಟಿ ದಿಕ್ಕು ಬದಲಿಸುತ್ತದೆ, ಅಲ್ಲಿ ಬ್ರಷ್ಷೂ ಅದರ ಜೊತೆಗೇ ತಿರುಗಬೇಕು. ಎದುರು ಎಳೆದರೆ ಕುದುರೆ ಕಾಲೆತ್ತಿ ಎಚ್ಚರಿಸುತ್ತದೆ. ಬ್ರಷ್ಷಿನ ಹಿಂದೆಯೇ ಖಾಲಿ ಕೈ ಹೋಗುತ್ತಿರಬೇಕು. ಉಣ್ಣೆ ಕಚ್ಚಿರುವುದು, ಕಾಲಿನಲ್ಲಿ ಬಿಸಿ ಏರಿರುವುದು, ಬೇಲಿಯ ಮುಳ್ಳು ಗೀರಿರುವುದು ಎಲ್ಲವೂ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಚರ್ಮದೊಳಗಿನ ಗ್ರಂಥಿಗಳು ಬಿಡುವ ಎಣ್ಣೆಯನ್ನು ಬುಡದಿಂದ ತುದಿಯವರೆಗೆ ಎಳೆದು ಹಚ್ಚುವುದೇ ಈ ಕೆಲಸದ ಗುಟ್ಟು, ಕುದುರೆಯ ಹೊಳಪು ಬರುವುದು ಅಲ್ಲಿಂದ. ಹೊಳಪಿಗೆಂದು ಮಾರುವ ಸಿಂಪಡಣೆಗಳ ಮೇಲೆ ನನಗೆ ಗೌರವವಿಲ್ಲ. ಬೆನ್ನಿಗೆ ಹೊಡೆದರೆ ಜೀನು ಜಾರುತ್ತದೆ ಬೇರೆ.

ಮುಖಕ್ಕೆ ಚಿಕ್ಕ, ಅತಿ ಮೆದುವಾದ ಬೇರೆಯೇ ಬ್ರಷ್ಷಿರಲಿ. ಕುದುರೆಗೆ ತನ್ನ ಹಣೆಯ ನೇರ ಮುಂದೆ ಇರುವುದು ಕಾಣುವುದಿಲ್ಲ. ಆದ್ದರಿಂದ ಪಕ್ಕದಿಂದ, ಮೊದಲು ಕೈ ಇಟ್ಟು, ಆಮೇಲೆ ಬ್ರಷ್ಷು. ಕಣ್ಣು, ಮೂಗಿಗೆ ಒಂದು ಒದ್ದೆ ಸ್ಪಂಜು, ಬಾಲದ ಅಡಿಗೆ ಇನ್ನೊಂದು; ಎರಡನ್ನೂ ಬೇರೆ ಬೇರೆ ಬಣ್ಣದವನ್ನೇ ಕೊಂಡರೆ ಯಾರೂ ಅದಲು ಬದಲು ಮಾಡುವುದಿಲ್ಲ.

ಬಾಲಕ್ಕೆ ಬ್ರಷ್ಷೇ ಬೇಡ ಎನ್ನುವವರ ಪಕ್ಷ ನನ್ನದು. ಬಾಲದ ಕೂದಲು ಬುಡದಿಂದ ನೆಲ ಮುಟ್ಟುವಷ್ಟು ಬೆಳೆಯಲು ವರ್ಷಗಳೇ ಬೇಕು, ಬಾಚಣಿಗೆಯ ಒಂದು ಎಳೆತಕ್ಕೆ ಹತ್ತು ಎಳೆ ಕಿತ್ತುಬರುತ್ತವೆ. ನಮ್ಮ ಬೇಲಿಸಾಲಿನ ಉತ್ತರಣೆಯ ಬೀಜ ತೆನೆಸಮೇತ ಬಾಲಕ್ಕೆ ಹೆಣೆದುಕೊಂಡಾಗ ತಾಳ್ಮೆಯೊಂದೇ ಉಪಾಯ: ಕುದುರೆಯ ನೇರ ಹಿಂದೆ ನಿಲ್ಲದೆ ಪಕ್ಕಕ್ಕೆ ನಿಂತು, ಬಾಲವನ್ನು ತೊಡೆಯ ಪಕ್ಕಕ್ಕೆ ಎಳೆದುಕೊಂಡು, ಬೆರಳಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು, ತುದಿಯಿಂದ ಆರಂಭಿಸಿ ಮೇಲಕ್ಕೆ ಎಳೆ ಎಳೆಯಾಗಿ ಬಿಡಿಸಬೇಕು. ಎಣ್ಣೆ ಬಾಲಕ್ಕೆ ಮಾತ್ರ; ಮೈಗೆ ಹಚ್ಚಿದರೆ ಈ ದೂಳಿನ ಊರಿನಲ್ಲಿ ಕುದುರೆ ಸಂಜೆಯೊಳಗೆ ಕೆಮ್ಮಣ್ಣಿನ ಗೊಂಬೆಯಾಗುತ್ತದೆ. ಜೂಲಿಗೆ ಅಗಲ ಹಲ್ಲಿನ ಬಾಚಣಿಗೆ ಸಾಕು.

ಗೊರಸಿನ ಕೊಕ್ಕೆ ಬ್ರಷ್ಷಿನ ಲೆಕ್ಕಕ್ಕೆ ಬರುವುದಿಲ್ಲವಾದರೂ ಅದಿಲ್ಲದ ಡಬ್ಬಿ ಡಬ್ಬಿಯೇ ಅಲ್ಲ. ಹಿಮ್ಮಡಿಯಿಂದ ಮುಂತುದಿಯ ಕಡೆಗೆ ಕೆರೆಯಬೇಕು, ನಡುವಿನ ಮೆತ್ತನೆಯ ತ್ರಿಕೋನದ ಎರಡೂ ಬದಿಯ ಸೀಳುಗಳಲ್ಲಿ ಸಿಕ್ಕಿರುವ ಲದ್ದಿಯನ್ನೂ ನೆಗ್ಗಿಲು ಮುಳ್ಳನ್ನೂ ಬಿಡಿಸಬೇಕು. ಆ ಸೀಳಿನಿಂದ ಕಪ್ಪು ಕೀವಿನಂಥದು ಕೊಳೆತ ವಾಸನೆಯೊಡನೆ ಬಂದರೆ, ಗಾಳಿಯಾಡದ ಒದ್ದೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಹಿಡಿದಿದೆ ಎಂದು ತಿಳಿದು ನೆಲವನ್ನು ಒಣಗಿಸುವ ವ್ಯವಸ್ಥೆ ಮಾಡಬೇಕು. ಕೊಕ್ಕೆಯ ಬೆನ್ನಿಗೇ ಪುಟ್ಟ ಗಡಸು ಬ್ರಷ್ಷು ಸೇರಿರುವ ಮಾದರಿ ಸಿಗುತ್ತದೆ. ಕೆರೆದದ್ದನ್ನು ಗುಡಿಸಿ ಒಳಗೆ ಏನಿದೆಯೆಂದು ನೋಡಲು ಅದು ಬಹಳ ಅನುಕೂಲ.

ಮಾಲೀಸು ಲಾಯದ ಒಳಗೆ ಆಗಬಾರದು. ಹುಣಸೆಯ ಮರದ ನೆರಳಿನಲ್ಲೋ ಹೊಂಗೆಯ ಅಡಿಯಲ್ಲೋ, ಗಾಳಿ ಆಡುವ ಕಡೆ, ಜಗ್ಗಿದರೆ ಬಿಚ್ಚಿಕೊಳ್ಳುವ ಗಂಟಿನಿಂದ ಕಟ್ಟಿ ಮಾಡಿದರೆ, ಎದ್ದ ದೂಳು ಹುರುಳಿಯ ಬೋಗುಣಿಗೂ ರಾಗಿ ಹುಲ್ಲಿಗೂ ಬೀಳದು, ನಮ್ಮ ಮೂಗಿಗೂ ಕಡಿಮೆ. ಸವಾರಿಯ ಮುಂಚೆ ಜೀನು ಕೂರುವ ಬೆನ್ನು, ತಂಗು ಹಾಯುವ ಎದೆಯಡಿ ಮತ್ತು ಗೊರಸು ಇಷ್ಟನ್ನು ನೋಡಿಕೊಂಡರೆ ಸಾಕು. ಪೂರ್ತಿ ಮಾಲೀಸು ಸವಾರಿಯ ನಂತರ, ಬೆವರು ಪೂರ್ತಿ ಆರಿ ಮೈ ಇನ್ನೂ ಬೆಚ್ಚಗಿರುವಾಗ ಮಾಡಿದರೆ ಜಿಡ್ಡು ಸುಲಭವಾಗಿ ಬಿಡುತ್ತದೆ. ಒದ್ದೆ ಮೈಗೆ ಬ್ರಷ್ಷು ಹಾಕಿದರೆ ಜೇಡಿಯನ್ನು ಇನ್ನಷ್ಟು ಒಳಕ್ಕೆ ತಿಕ್ಕಿದಂತಾಗುತ್ತದೆ. ಬೆದರುವ ಕುದುರೆಯಾದರೆ ಎಲ್ಲಿಂದ ಶುರು ಮಾಡಬೇಕೆಂಬುದನ್ನು ಕುದುರೆಗಳೇ ತೋರಿಸಿಕೊಡುತ್ತವೆ: ಎರಡು ಕುದುರೆಗಳು ಎದುರುಬದುರು ನಿಂತು ಪರಸ್ಪರ ಹಲ್ಲಿನಿಂದ ತುರಿಸಿಕೊಳ್ಳುವುದು ಹೆಗಲಿನ ಏರಿನ, ಅಂದರೆ ಕತ್ತು ಬೆನ್ನಿಗೆ ಸೇರುವ ಉಬ್ಬಿನ, ಸುತ್ತ. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆ ಜಾಗವನ್ನು ಮನುಷ್ಯನ ಕೈ ತುರಿಸಿದಾಗಲೂ ಕುದುರೆಯ ಹೃದಯಬಡಿತ ಇಳಿಯುತ್ತದೆ ಎಂದು ತೋರಿಸಿತು. ನಮ್ಮ ಕಂದು ಕುದುರೆ ಮೊದಮೊದಲು ಬ್ರಷ್ಷಿನ ಡಬ್ಬಿ ಕಂಡರೆ ಹಗ್ಗದ ಉದ್ದಕ್ಕೂ ಹಿಂದೆ ಸರಿಯುತ್ತಿತ್ತು. ಹೆಗಲಿನ ಏರಿನಲ್ಲಿ ರಬ್ಬರ್ ಬಿಲ್ಲೆಯಿಂದ ಶುರು ಮಾಡುವ ಕ್ರಮ ಹಿಡಿದ ಮೇಲೆ ಅದು ಕತ್ತು ಚಾಚಿ, ಮೇಲ್ದುಟಿಯನ್ನು ಮುಂದಕ್ಕೆ ನೀಡಿ ಅದುರಿಸುತ್ತ, ಎದುರಿಗೆ ಸಿಕ್ಕ ನನ್ನ ತೋಳನ್ನೋ ಬೇಲಿಯ ಗೂಟವನ್ನೋ ತುರಿಸಲು ನೋಡುತ್ತದೆ.

ಉತ್ತೆ, ಹಸ್ತೆ ಮಳೆಗಳು ಹಿಡಿದಾಗ, ಅಂದರೆ ನಮ್ಮ ಜಿಲ್ಲೆಗೆ ಹೆಚ್ಚು ಮಳೆ ತರುವ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಬ್ರಷ್ಷಿನ ವಿಷಯದಲ್ಲಿ ಬೇರೆಯೇ ಎಚ್ಚರ ಬೇಕು. ದಿನಗಟ್ಟಲೆ ಒದ್ದೆಯಾದ ಬೆನ್ನಿನ ಚರ್ಮಕ್ಕೆ ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾ ಹತ್ತಿ, ರೋಮ ಗುಚ್ಛಗುಚ್ಛವಾಗಿ ಅಂಟಿದ ಹಕ್ಕಳೆಗಳು ಏಳುತ್ತವೆ. ಹಕ್ಕಳೆ ಎತ್ತಿದರೆ ಅಡಿಯಲ್ಲಿ ಹಸಿ ಗಾಯ. ಅದರ ಮೇಲೆ ಬ್ರಷ್ಷು ಎಳೆಯುವುದೆಂದರೆ ರೋಗವನ್ನು ಮೈತುಂಬ ಬಿತ್ತುವುದು. ಹುಳುಕಡ್ಡಿಯೂ ಹಾಗೆಯೇ, ಬ್ರಷ್ಷಿನ ಮೂಲಕ ಒಂದು ಕುದುರೆಯಿಂದ ಇನ್ನೊಂದಕ್ಕೆ, ಕುದುರೆಯಿಂದ ಮನುಷ್ಯನಿಗೂ ಹಬ್ಬುತ್ತದೆ. ಇವಕ್ಕಿಂತ ಭಯಾನಕವಾದದ್ದು ಗ್ಲಾಂಡರ್ಸ್. ಮೂಗಿನ ಸ್ರಾವದಿಂದ, ಅದು ತಾಗಿದ ನೀರಿನ ತೊಟ್ಟಿ, ಬ್ರಷ್ಷು, ಬಟ್ಟೆಗಳಿಂದ ಹರಡುವ ಇದು ಮನುಷ್ಯರ ಜೀವಕ್ಕೂ ಕುತ್ತು ತರಬಲ್ಲದು. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯ 2009ರ ಕೇಂದ್ರ ಕಾಯಿದೆಯಡಿ ಇದರ ಅನುಮಾನ ಬಂದೊಡನೆ ಸರ್ಕಾರಕ್ಕೆ ತಿಳಿಸಲೇಬೇಕು. ಆದ್ದರಿಂದ ಒಂದು ಕುದುರೆಗೆ ಒಂದೇ ಡಬ್ಬಿ ಎಂಬುದು ನಮ್ಮಲ್ಲಿ ಮುರಿಯದ ನಿಯಮ. ಮದುವೆ ಮೆರವಣಿಗೆಯ ಕುದುರೆಯವರು ‘ಒಂದು ಗಳಿಗೆಗೆ ಬ್ರಷ್ಷು ಕೊಡಿ’ ಎಂದು ಕೇಳಿದರೆ ಹಳೆಯದೊಂದನ್ನು ಕೊಟ್ಟು, ಇಟ್ಟುಕೊಳ್ಳಿ ಎಂದುಬಿಡುವುದು ಲೇಸು. ಅದನ್ನು ವಾಪಸು ಪಡೆದು ಉಳಿಸಿಕೊಳ್ಳುವ ನೂರಿನ್ನೂರು ರೂಪಾಯಿ ಉಳಿತಾಯವೇ ಅಲ್ಲ.

ಬ್ರಷ್ಷು ತೊಳೆಯುವುದನ್ನು ವಾರಕ್ಕೊಮ್ಮೆಯಾದರೂ ಇಟ್ಟುಕೊಳ್ಳಬೇಕು. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆ ಬರುವುದಕ್ಕಿಂತ ಹೆಚ್ಚಾಗಿ ಬಿಳಿಯ ಗಸಿಗಟ್ಟಿ ಎಳೆಗಳ ಬುಡದಲ್ಲಿ ಕೂರುತ್ತದೆ. ಅದೇ ಬ್ರಷ್ಷನ್ನು ಮರುದಿನ ಎಳೆದರೆ ಕಂದು ಮೈಮೇಲೆ ಬೂದು ಬೂದಾಗಿ ಕಾಣುತ್ತದೆ. ಹಿಡಿದಿಟ್ಟ ಮಳೆನೀರು ಇದ್ದರೆ ಅದು ಉತ್ತಮ, ಇಲ್ಲದಿದ್ದರೆ ಸೋಪಿನ ಬದಲು ನಾಲ್ಕು ಹನಿ ಶಾಂಪೂ ಸಾಕು. ಮೊದಲು ಒಣ ಬ್ರಷ್ಷನ್ನು ಖರಾರಕ್ಕೆ ಉಜ್ಜಿ ಕೂದಲನ್ನೆಲ್ಲ ತೆಗೆದು, ಅಗಲವಾದ ತಟ್ಟೆಯಲ್ಲಿ ಎಳೆಗಳು ಮುಳುಗುವಷ್ಟೇ ನೀರು ಹಾಕಿ, ಹಲಗೆ ನೆನೆಯದ ಹಾಗೆ ಎಳೆಗಳನ್ನಷ್ಟೇ ಅದ್ದಿ ಅಲುಗಿಸಬೇಕು. ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಮರೆತರೆ ಮರ ಉಬ್ಬಿ ಸೀಳುತ್ತದೆ, ಎಳೆಗಳು ಸಡಿಲವಾಗುತ್ತವೆ. ಒಣಗಿಸುವಾಗ ಎಳೆಗಳು ಕೆಳಮುಖವಾಗಿರಬೇಕು, ಇಲ್ಲವಾದರೆ ನೀರು ಹಲಗೆಗೆ ಇಳಿಯುತ್ತದೆ. ಎರಡು ಬಿದಿರಿನ ಕಡ್ಡಿಗಳ ಮೇಲೆ ಅಂಚು ಕೂರಿಸಿ ಬಿಸಿಲಿಗಿಟ್ಟರೆ ಅಡಿಯಿಂದಲೂ ಗಾಳಿಯಾಡುತ್ತದೆ. ಚರ್ಮದ ಬೆನ್ನಿನದನ್ನು ನೆರಳಿನಲ್ಲಿಯೇ ಒಣಗಿಸಬೇಕು. ರಬ್ಬರ್ ಬಿಲ್ಲೆಯನ್ನು ಹೇಗೆ ತೊಳೆದರೂ ನಡೆದೀತು, ಬಿಸಿಲಿನಲ್ಲಿ ಮರೆತು ಬಿಟ್ಟರೆ ಮಾತ್ರ ಬಿರುಕು ಬಿಡುತ್ತದೆ.

ಮೆದು ಬ್ರಷ್ಷಿನ ಎಳೆಗಳು ಸವೆದು ಹೊರಗಡೆಗೆ ಬಾಗಿದಾಗ, ನಡುವಿನ ಹಲಗೆ ಕುದುರೆಯ ಮೈಗೆ ತಾಗತೊಡಗುತ್ತದೆ. ಅದರ ಮೈಕೆಲಸ ಅಲ್ಲಿಗೆ ಮುಗಿಯಿತು. ಅದನ್ನು ಎಸೆಯುವ ಅಗತ್ಯವಿಲ್ಲ. ಕಾಲಿನ ಕೆಳಭಾಗದ ಒಣ ಕೆಸರಿಗೆ ಅದು ಇನ್ನೂ ಒಂದು ವರ್ಷ ನಡೆಯುತ್ತದೆ, ಅಲ್ಲಿಂದ ಗೊರಸು ತೊಳೆಯಲು, ಆಮೇಲೆ ನೀರಿನ ತೊಟ್ಟಿಯ ಪಾಚಿ ತಿಕ್ಕಲು. ತೊಟ್ಟಿಗೆ ಹೋದದ್ದು ಮತ್ತೆ ಡಬ್ಬಿಗೆ ಬಾರದಿರಲೆಂದು ನಾವು ಅದರ ಕೈಪಟ್ಟಿಯನ್ನು ಕತ್ತರಿಸಿ ತೆಗೆಯುತ್ತೇವೆ.